ಎಲ್ಲರೂ ಅಂದರೆ ಒಬ್ಬನೇ!

ನನ್ನ ವಾರಗಿತ್ತಿಗೆ ಇಂಗ್ಲಿಷ್ ಬರುತ್ತದೆ ಎಂದು ಶಿವಮೊಗ್ಗದ ದುರ್ಗಿಗುಡಿಯ ಮನೆಮನೆಯಲ್ಲೂ ಹೆಸರಾಗಿತ್ತು. ಸತ್ಯ ಹೇಳಲೇ? ಅವಳಿಗೆ ಬರುತ್ತಿದ್ದದ್ದು ಅರ್ಧ ಇಂಗ್ಲಿಷ್. ಅದೂ ಮೊದಲನೆಯ ಅರ್ಧ! ನಾಮಪದ ಗೊತ್ತು, ಸರ್ವನಾಮ ಗೊತ್ತು, ಅಲ್ಲಿಗೆ ಮುಗಿಯಿತು. ಕ್ರಿಯಾಪದದ ಮುಖವನ್ನೇ ಆಕೆ ನೋಡಿರಲಿಲ್ಲ. ಹಾಗಂತ ಬಾಯಿಬಿಟ್ಟು ಹೇಳಿದರೆ ನನಗೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು. ಹೊಟ್ಟೆಕಿಚ್ಚು ಇತ್ತು, ಇಲ್ಲ ಅಂದೆನೇ? ಆದರೆ ಹೊಟ್ಟೆಕಿಚ್ಚು ಇದ್ದ ಮಾತ್ರಕ್ಕೆ ಹೇಳಿದ್ದು ಸುಳ್ಳಾಗಿಬಿಡುತ್ತದೆಯೇ?

ಇದು ಮಹಾರಾಜರ ಕಾಲದ ಮಾತು. ನಮ್ಮದು ಶಿವಮೊಗ್ಗದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡಿದ್ದ ಮನೆ. ಗಾದಿಯ ಮೇಲೆ ಮಾವ, ಪಕ್ಕದಲ್ಲಿ ನಮ್ಮನೆಯವರು. ಆ ಮನೆಗೆ ಸೊಸೆಯಾಗಿ ಬಂದು ಎಂಟು ವರ್ಷ ನಾನೊಬ್ಬಳೇ ಮೆರೆದವಳು. ನಾಲ್ಕನೇ ಕ್ಲಾಸು ಓದಿದ್ದೆ, ಪಂಚಾಂಗ ನೋಡಿ ಹಬ್ಬ ಹೇಳುತ್ತಿದ್ದೆ, ಅದಕ್ಕೇ ಅತ್ತೆ ಬೀದಿಯವರ ಮುಂದೆಲ್ಲ ಹೆಚ್ಚುಗಾರಿಕೆ ಕೊಚ್ಚಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ನನ್ನ ಮೈದುನನಿಗೆ ಮದುವೆಯಾಯಿತು. ಅವನಿಗೆ ಕ್ವಾರ್ಟರ್ಸ್ ಸಿಗುವ ತನಕ ಹೆಂಡತಿ ನಮ್ಮ ಜೊತೆ ಶಿವಮೊಗ್ಗದಲ್ಲಿರಲಿ ಎಂದಾಯಿತು. ಬಂದಳು. ಟ್ರಂಕಿನಲ್ಲಿ ಆರು ಸೀರೆ, ಒಂದು ಕನ್ನಡಿ, ಬೆನ್ನು ಹರಿದ ಅರ್ಧ ಇಂಗ್ಲಿಷ್ ವ್ಯಾಕರಣ!

ಅವಳ ಅಪ್ಪ ಸ್ಕೂಲು ಮೇಷ್ಟ್ರು. ಮಗಳನ್ನು ಸಂಜೆ ಸಂಜೆ ಕೂರಿಸಿಕೊಂಡು ತಾವೇ ಪಾಠ ಹೇಳುತ್ತಿದ್ದರಂತೆ. ಸರ್ವನಾಮ ಮುಗಿಸಿ, "ಕ್ರಿಯಾಪದ ನಾಳೆ ಶುರು ಮಾಡೋಣ ಮಗಾ" ಅಂದಿದ್ದರಂತೆ. ಮಾರನೆಯ ದಿನವೇ ನಾವು ಹೆಣ್ಣು ನೋಡಲು ಹೋದೆವು. ಕ್ರಿಯಾಪದದ ಬದಲು ಉಪ್ಪಿಟ್ಟು ಬಂತು.

ಆ ಅರ್ಧ ಪುಸ್ತಕದ ಕೊನೆಯ ಪಾಠವೇ ಅವಳ ಪ್ರಾಣ. ಅದರ ಸಾರಾಂಶ ನನಗೆ ಇವತ್ತಿಗೂ ಬಾಯಿಪಾಠ, ಅಷ್ಟು ಸಲ ಕೇಳಿದ್ದೇನೆ. ಎವೆರಿಬಡಿ, ಸಂಬಡಿ, ನೋಬಡಿ, ಈಚ್ ಇವೆಲ್ಲ ಏಕವಚನ. ಆದ್ದರಿಂದ ಮುಂದೆ ಬರುವ ಸರ್ವನಾಮವೂ ಏಕವಚನವೇ ಆಗಬೇಕು. 'ದೆಯರ್' ಅಂದರೆ ತಪ್ಪು, 'ಹಿಸ್' ಅನ್ನಬೇಕು.

"ಅಂದ್ರೆ ಎಲ್ಲರೂ ಅಂದ್ರೆ ಒಬ್ಬನೇ?" ಅತ್ತೆ ರಾಗಿ ಬೀಸುವುದನ್ನು ನಿಲ್ಲಿಸಿ ಕೇಳಿದರು.

"ಹೌದು ಅತ್ತೆ, ಇಂಗ್ಲಿಷಿನಲ್ಲಿ ಒಬ್ಬನೇ."

"ಹಾಗಾದ್ರೆ ಎಲ್ಲರನ್ನೂ ಊಟಕ್ಕೆ ಕರೆದ್ರೆ ಎಷ್ಟು ಸೇರು ಅಕ್ಕಿ ಹಾಕ್ತಾರೆ ಆ ಜನ?"

ನಾನು ಖುಷಿಯಿಂದ ನಕ್ಕೆ. ಅವಳು ನಗಲಿಲ್ಲ. "ಗಂಡೋ ಹೆಣ್ಣೋ ಗೊತ್ತಿಲ್ಲದಾಗಲೂ 'ಹಿಸ್' ಅಂತಲೇ ಬರೀಬೇಕು. ಹೆಣ್ಣು ಅದರೊಳಗೇ ಬರ್ತಾಳೆ" ಎಂದು ಗಂಭೀರವಾಗಿ ವಿವರಿಸಿದಳು.

"ಗೊತ್ತಿಲ್ಲದಿದ್ರೆ ಗಂಡು ಅನ್ನೋದಾ? ಬಸುರಿಗೆ ಹರಸೋ ಹಾಗಾಯ್ತಲ್ಲೇ!" ಅಂದರು ಅತ್ತೆ.

ನಮ್ಮ ಕನ್ನಡ ಎಷ್ಟು ವಾಸಿ ನೋಡಿ! ಎಲ್ಲರೂ ತಮ್ಮ ತಮ್ಮ ತಟ್ಟೆ ತೊಳೀರಿ ಅಂದರೆ ಆಯಿತು. ಗಂಡು, ಹೆಣ್ಣು, ಒಬ್ಬ, ಇಬ್ಬರು ಯಾವ ತಕರಾರೂ ಇಲ್ಲ. (ಗಂಡಸರು ತೊಳೆಯುವುದಿಲ್ಲ, ಆ ಮಾತು ಬೇರೆ.)

ಒಂದು ದಿನ ಬೊಂಬಾಯಿಯ ಏಜೆಂಟರಿಂದ ಅಂಗಡಿಗೆ ಇಂಗ್ಲಿಷ್ ಕಾಗದ ಬಂತು. ಓದಿ ಹೇಳುತ್ತಿದ್ದ ವಕೀಲರು ಊರಲ್ಲಿರಲಿಲ್ಲ. ಮಾವ ಕಾಗದ ಹಿಡಿದು ಮನೆಗೇ ಬಂದು ಕಿರಿಯ ಸೊಸೆಯನ್ನು ಕರೆದರು. ಅವಳು ಸೆರಗು ಸರಿಮಾಡಿಕೊಂಡು ಬಂದು ಬಾಗಿಲ ಪಕ್ಕ ನಿಂತು ಕಾಗದ ನೋಡಿದಳು. ಹುಬ್ಬು ಗಂಟಿಕ್ಕಿತು.

"ಮಾವ, ತಪ್ಪಿದೆ. 'ಈಚ್ ಕಸ್ಟಮರ್' ಅಂತ ಬರೆದು ಆಮೇಲೆ 'ದೆಯರ್' ಅಂತ ಬರೆದಿದಾರೆ. 'ಹಿಸ್' ಇರಬೇಕು."

"ಸರಿ ಕಣಮ್ಮ. ಕಾಗದದಲ್ಲಿ ಏನು ಹೇಳಿದಾರೆ?"

ಅವಳು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. "ಅದು ಗೊತ್ತಾಗಲ್ಲ ಮಾವ. ಕ್ರಿಯಾಪದ ಜಾಸ್ತಿ ಇದೆ."

ಇಷ್ಟಾದ ಮೇಲೆ ಮಾವ ಬೇಸರ ಮಾಡಿಕೊಳ್ಳಬೇಕಿತ್ತೋ ಬೇಡವೋ? ನಾನು ಅಡುಗೆಮನೆಯ ಬಾಗಿಲಲ್ಲಿ ಕಿವಿಯಾಗಿ ನಿಂತಿದ್ದೆ. ಮಾವ ಕಾಗದ ಮಡಚಿ, "ಬೊಂಬಾಯಿಯವರ ತಪ್ಪನ್ನೇ ಹಿಡಿದುಬಿಟ್ಟಳಲ್ಲ!" ಎಂದು ಹಿಗ್ಗಿ ಹೀರೇಕಾಯಿಯಾಗಿ ಹೋದರು. ವಕೀಲರು ಬಂದ ಮೇಲೆ ಅವರೂ "ಹುಡುಗಿ ಹೇಳಿದ್ದು ಸರಿ" ಎಂದು ಹೇಳಿಬಿಡಬೇಕೇ! ಅಲ್ಲಿಂದ ಮುಂದೆ ಅಂಗಡಿಗೆ ಬಂದವರಿಗೆಲ್ಲ ಸೀರೆಗಿಂತ ಮೊದಲು ಸೊಸೆಯ ಸುದ್ದಿ. ಎಂಟು ವರ್ಷ ನಾನು ಹೇಳಿದ ಹಬ್ಬಗಳನ್ನೇ ಮಾಡಿಕೊಂಡು ಉಂಡವರು, ಮಾರಾಯರೆ, ಒಂದು ದಿನ ಹೀಗೆ ಹಿಗ್ಗಿರಲಿಲ್ಲ.

ಹಟಕ್ಕೆ ಬಿದ್ದು ನಾನೂ ಇಂಗ್ಲಿಷ್ ಕಲಿಯಲು ಹೊರಟೆ. ನಮ್ಮನೆಯವರನ್ನು ಕೇಳಿದರೆ, "ನಿನ್ನ ರೊಟ್ಟಿ ಚೆನ್ನಾಗಿದೆಯಲ್ಲ, ಸಾಲದಾ?" ಅಂದರು. ರೊಟ್ಟಿಯನ್ನು ಎರಡು ದಿನ ಬೇಕಂತಲೇ ಸೀಯಿಸಿದೆ. ಮೂರನೆಯ ದಿನ ಹಾಳೆ ಪೆನ್ಸಿಲು ತಂದು ಇಪ್ಪತ್ತಾರು ಅಕ್ಷರ ಬರೆದುಕೊಟ್ಟರು. ತಿಂಗಳೊಪ್ಪತ್ತಿನಲ್ಲಿ ಅಷ್ಟೂ ಕಲಿತೆ. ಕಲಿತದ್ದನ್ನು ತೋರಿಸಬೇಡವೇ? ಆ ವರ್ಷದ ಮಾವಿನ ಉಪ್ಪಿನಕಾಯಿಯ ಭರಣಿಗೆ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಮಸಿಯಲ್ಲಿ 'ಮ್ಯಾಂಗೋ' ಎಂದು ದಪ್ಪಕ್ಷರದಲ್ಲಿ ಬರೆದು, ಎಲ್ಲರೂ ಊಟಕ್ಕೆ ಕೂತಾಗ ತಂದು ನಡುವೆ ಇಟ್ಟೆ.

ವಾರಗಿತ್ತಿ ಬಗ್ಗಿ ನೋಡಿದಳು. "ಅಕ್ಕ, ಮಧ್ಯದಲ್ಲಿ ಜಾಗ ಬಿಟ್ಟುಬಿಟ್ಟಿದೀರಿ. ಎರಡು ಮಾತಾಗಿದೆ. ಮೊದಲನೇದು 'ಮ್ಯಾನ್', ಅಂದ್ರೆ ಗಂಡಸು. ಎರಡನೇದು ನನಗೆ ಬರಲ್ಲ."

"ನನಗೆ ಬರುತ್ತೆ" ಅಂದರು ನಮ್ಮನೆಯವರು. "ಗೋ ಅಂದ್ರೆ ಹೋಗು. ಗಂಡಸೇ ಹೋಗು ಅಂತ ಬರೆದಿದಾಳೆ!"

ಮಾವ ಅನ್ನ ನೆತ್ತಿಗೇರಿ ಕೆಮ್ಮಿದರು. ಆ ವರ್ಷವಿಡೀ ಉಪ್ಪಿನಕಾಯಿ ಬೇಕಾದಾಗಲೆಲ್ಲ ಮನೆಯ ಗಂಡಸರು "ಸ್ವಲ್ಪ 'ಗಂಡಸೇ ಹೋಗು' ಬಡಿಸು" ಅನ್ನುತ್ತಿದ್ದರು. ನನ್ನ ಇಂಗ್ಲಿಷ್ ವಿದ್ಯಾಭ್ಯಾಸ ಭರಣಿಯೊಳಗೇ ಸಮಾಧಿಯಾಯಿತು.

ಕೊನೆಗೆ ಮೈದುನನಿಗೆ ಕ್ವಾರ್ಟರ್ಸ್ ಸಿಕ್ಕಿತು. ಅವಳನ್ನು ಭದ್ರಾವತಿಯ ರೈಲು ಹತ್ತಿಸಿ ಬಂದ ದಿನ ನಾನು ಕಡುಬು ಮಾಡಿದೆ. ಯಾಕೆ ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಆದರೆ ಒಂದು ವರ್ಷ ತುಂಬುವುದರೊಳಗೆ ನಾನೇ ಆ ರೈಲು ಹತ್ತಬೇಕಾಯಿತು. ಅವಳು ತುಂಬಿದ ಬಸುರಿ. ತವರಿಗೆ ಕಳಿಸೋಣವೆಂದರೆ ತವರೇ ಇರಲಿಲ್ಲ. ತಾಯಿ ಅವಳನ್ನು ಹೆತ್ತ ವಾರದಲ್ಲೇ ಹೋಗಿದ್ದಳು. ಅಪ್ಪನೂ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಅತ್ತೆಗೆ ಮಂಡಿನೋವು. "ನೀನೇ ಹೋಗಿ ಬಾಣಂತನ ಮಾಡಿ ಬಾ" ಅಂದರು. ವ್ಯಾಕರಣಕ್ಕೆ ಬಾಣಂತನ ಮಾಡುವ ಭಾಗ್ಯವೂ ನನಗೇ ಬಂತಲ್ಲ ಎಂದುಕೊಂಡು ಹೊರಟೆ.

ಹೋದ ಎರಡನೆಯ ದಿನವೇ ಅವಳು, "ಅಕ್ಕ, ಹಳೇ ಊರಿನ ವಾಚನಾಲಯಕ್ಕೆ ಹೋಗಿ ಬರೋಣ ಬನ್ನಿ" ಅಂದಳು. ಅಪ್ಪ ಹೋದ ಮೇಲೆ ಅವರ ಪೆಟ್ಟಿಗೆ ತೆಗೆದು ನೋಡಿದರೆ ಪುಸ್ತಕದ ಉಳಿದರ್ಧವನ್ನು ಗೆದ್ದಲು ತಿಂದಿತ್ತಂತೆ. ಅದೇ ವ್ಯಾಕರಣ ಇಡಿಯಾಗಿ ವಾಚನಾಲಯದ ಬೀರುವಿನಲ್ಲಿದೆ ಎಂದು ಮೈದುನ ಹೇಳಿದ್ದನಂತೆ. ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. "ಮಗು ಬಂದ ಮೇಲೆ ಎಲ್ಲಿ ಆಗುತ್ತೆ? ಅಪ್ಪ ನಾಳೆ ಅಂದಿದ್ರು ಅಕ್ಕ. ಆ ಪಾಠ ಒಂದು ಸಲ ನೋಡ್ಬೇಕು."

ಜಟಕಾ ಮಾಡಿಕೊಂಡು ಹೋದೆವು. ನಾನು ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡಿದ್ದೆ. ಬಾಗಿಲಲ್ಲಿ ರುಮಾಲು ಸುತ್ತಿದ ಒಬ್ಬ ಮುದುಕರು ಕೂತಿದ್ದರು. ವಾಚನಾಲಯ ನೋಡಿಕೊಳ್ಳುವವರು. ನಮ್ಮನ್ನು ನೋಡಿ ಎದ್ದೇ ನಿಂತರು.

"ಹೆಂಗಸರಿಗೆ ಇಲ್ಲಮ್ಮ."

"ಎಲ್ಲಿ ಬರೆದಿದೆ?" ಅಂದಳು ವಾರಗಿತ್ತಿ.

ಮುದುಕರು ಗೋಡೆಯ ಬೋರ್ಡು ತೋರಿಸಿದರು. ಒಂದೊಂದೇ ಅಕ್ಷರದ ಮೇಲೆ ಬೆತ್ತ ಇಟ್ಟು ಓದಿದರು. "ಎವೆರಿ ರೀಡರ್ ಮಸ್ಟ್ ಸೈನ್ ಹಿಸ್ ನೇಮ್. ಪ್ರತಿಯೊಬ್ಬ ಓದುಗನೂ ತನ್ನ ಹೆಸರು ಬರೀಬೇಕು. ಹಿಸ್ ಅಂದ್ರೆ ಅವನ. ಅವಳ ಅಂತ ಇದೆಯಾ? ಇಲ್ಲ. ಹೋಗಿ ಬನ್ನಿ."

ಅಯ್ಯೋ, ಹೋಗಿ ಹೋಗಿ ಯಾರ ಹತ್ತಿರ ಯಾವ ಮಾತು! ನಮ್ಮವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲ ಮೇಲೆ ನೆಟ್ಟಗೆ ನಿಂತಳು.

"'ಎವೆರಿ ರೀಡರ್' ಏಕವಚನ ಸ್ವಾಮಿ. ಗಂಡೋ ಹೆಣ್ಣೋ ಗೊತ್ತಿಲ್ಲದಾಗ 'ಹಿಸ್' ಹಾಕಬೇಕು ಅಂತ ವ್ಯಾಕರಣ. ಅದರಲ್ಲಿ ನಾನೂ ಸೇರಿದೀನಿ, ನಮ್ಮಕ್ಕನೂ ಸೇರಿದಾರೆ."

"ಅದೆಲ್ಲ ನನಗೆ ಬೇಡಮ್ಮ. ಹಿಸ್ ಅಂದ್ರೆ ಗಂಡಸು."

ಒಳಗೆ ಪತ್ರಿಕೆ ಓದುತ್ತಿದ್ದ ಏಳೆಂಟು ಗಂಡಸರು ತಲೆಯೆತ್ತಿದರು. ಒಬ್ಬರು ಕಿಸಕ್ಕೆಂದರು. ನನಗೆ, ನಿಜ ಹೇಳುತ್ತೇನೆ, ಒಳಗೊಳಗೇ ಒಂದು ತಣ್ಣನೆಯ ಸಂತೋಷ ಹರಿಯಿತು. ಬೊಂಬಾಯಿಯವರ ತಪ್ಪು ಹಿಡಿದವಳಿಗೆ ಭದ್ರಾವತಿಯಲ್ಲಿ ಮೆಟ್ಟಿಲು ಹತ್ತಲೂ ಆಗಲಿಲ್ಲ! ಶಿವಮೊಗ್ಗಕ್ಕೆ ಹೋದ ಮೇಲೆ ಇದನ್ನು ಮಾವನ ಮುಂದೆ ಹೇಗೆ ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳು ಪಕ್ಕದ ಇನ್ನೊಂದು ಬೋರ್ಡಿಗೆ ಕೈ ತೋರಿಸಿದಳು.

"ಅದರಲ್ಲಿ ಏನಿದೆ? ನನಗೆ ಕ್ರಿಯಾಪದ ಬರಲ್ಲ."

"ಯಾರೂ ತನ್ನ ಕುರ್ಚಿಯಿಂದ ಉಗುಳಬಾರದು ಅಂತ."

"ಅಲ್ಲೂ 'ಹಿಸ್' ಅಂತಲೇ ಇದೆಯಲ್ಲ?"

"ಇದೆ."

"ಹಾಗಾದ್ರೆ ಅದೂ ಗಂಡಸರಿಗೆ ಮಾತ್ರ?"

ಮುದುಕರು ಬೆತ್ತ ಎತ್ತಿ ಬೋರ್ಡನ್ನು ಇನ್ನೊಮ್ಮೆ ಓದತೊಡಗಿದರು.

ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ, ಉಗೀರಿ!"

ಎಲ್ಲರ ಕಣ್ಣೂ ನನ್ನ ಉಬ್ಬಿದ ಕೆನ್ನೆಯ ಮೇಲೆ. ನಾನು ಉಗುಳದೆ ನುಂಗಿದ್ದರೆ ಅವಳ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಎರಡು ವರ್ಷದಿಂದ ಕಾದಿದ್ದ ಗಳಿಗೆ. ಒಳಗಿದ್ದವರಲ್ಲಿ ಒಬ್ಬ ಮೀಸೆಯವನು ಮತ್ತೆ ಕಿಸಕ್ಕೆಂದ. ನಮ್ಮ ಮನೆ ಹುಡುಗಿಯನ್ನು ನೋಡಿ ನಗೋಕೆ ಇವನ್ಯಾರು? ನಗುವುದಾದರೆ ನಾನು ನಗಬೇಕು! ಹೊಸಿಲು ದಾಟಿ ಸೀದಾ ಒಳಗೆ ಹೋದೆ. ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತೆ. ಪಿಚಕ್ಕನೆ ಉಗುಳಿದೆ. ಕೆಂಪಗೆ ಧಾರಾಳವಾಗಿ, ಮೀಸೆಯವನ ಚಪ್ಪಲಿಗೆ ಒಂದು ಗೇಣು ದೂರದಲ್ಲಿ.

ಗದ್ದಲಕ್ಕೆ ಪಕ್ಕದ ಅಂಗಡಿಯಿಂದ ವಾಚನಾಲಯದ ಕಾರ್ಯದರ್ಶಿ ಓಡಿಬಂದರು. ಇಬ್ಬರ ಮಾತೂ ಕೇಳಿದರು. ಬೋರ್ಡು ನೋಡಿದರು, ನೆಲ ನೋಡಿದರು, ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. "ಬೋರ್ಡು ಬದಲಾಯಿಸೋಕೆ ಸಮಿತಿ ಸೇರಬೇಕು, ಪೇಂಟರ್ ಬರಬೇಕು. ಇವರನ್ನ ಒಳಗೆ ಬಿಡೋಕೆ ನೀವು ಸ್ವಲ್ಪ ಪಕ್ಕಕ್ಕೆ ಸರಿದ್ರೆ ಸಾಕಲ್ಲ ಯಜಮಾನರೇ" ಅಂದರು. ನೆಲ ಮಾತ್ರ ನಾನೇ ಒರೆಸಬೇಕಾಯಿತು. ನ್ಯಾಯವೇ ಬಿಡಿ.

ಅವಳು ರಿಜಿಸ್ಟರಿನಲ್ಲಿ ಹೆಸರು ಬರೆದು, ಪುಸ್ತಕ ತೆಗೆಸಿಕೊಂಡು ಕೂತಳು. ಕ್ರಿಯಾಪದದ ಪುಟ ತೆರೆದು ತುಟಿ ಕುಣಿಸುತ್ತಾ ಓದತೊಡಗಿದಳು. ಬಟ್ಟೆ ಹಿಂಡುತ್ತಿದ್ದ ನನಗೆ ಆಗ ಹೊಳೆಯಿತು. ಅಯ್ಯೋ ನನ್ನ ದಡ್ಡತನವೇ! ಇವಳ ಇಂಗ್ಲಿಷನ್ನು ನಾನೇ ಎಂಜಲು ಖರ್ಚು ಮಾಡಿ ಪೂರ್ತಿ ಮಾಡಿಸುತ್ತಿದ್ದೇನಲ್ಲ! ಆರು ದಿನ ಹೀಗೆ ಹೋಗಿ ಬಂದೆವು. ಆರು ದಿನವೂ ಎದುರಿಗೆ ಕೂತು ನಾನು ಹೊಟ್ಟೆ ಉರಿಸಿಕೊಂಡೆ.

ಏಳನೆಯ ದಿನ ಮಧ್ಯಾಹ್ನ, ಕಾರ್ಖಾನೆಯ ಕೂಗು ಆದ ಹೊತ್ತಿಗೆ, ಅವಳಿಗೆ ನೋವು ಕಾಣಿಸಿತು. ಮೈದುನ ಓಡಿಹೋಗಿ ಸೂಲಗಿತ್ತಿಯನ್ನು ಕರೆತಂದ. ಆಕೆ ದೊಡ್ಡ ದನಿಯ, ದೊಡ್ಡ ಕೈಯ ಹೆಂಗಸು. ಕೋಣೆಯ ಬಾಗಿಲು ಹಾಕಿಕೊಂಡು, "ಬಿಸಿನೀರು ಕಾಯಿಸ್ತಾ ಇರಿ, ಕರೆಯೋ ತನಕ ಯಾರೂ ಬರಬೇಡಿ" ಅಂದಳು.

ನಾನು ಒಲೆಯ ಮುಂದೆ ಕೂತೆ. ಒಳಗಿನಿಂದ ನರಳಾಟ ಕೇಳುತ್ತಿತ್ತು. ತಾಸು ಕಳೆಯಿತು, ಎರಡು ತಾಸಾಯಿತು. ನನಗೂ ಎರಡು ಹೆರಿಗೆಯಾಗಿತ್ತು. ಆ ಹೊತ್ತಿನಲ್ಲಿ ಬಾಯಲ್ಲಿ ಏನು ಬರುತ್ತದೆ ಎಂದು ನನಗೆ ಗೊತ್ತು. ಬೀದಿಗೆಲ್ಲ ಕೇಳುವ ಹಾಗೆ ಅಮ್ಮಾ ಅಮ್ಮಾ ಎಂದು ಕೂಗಿದ್ದೆ, ಅಮ್ಮ ಪಕ್ಕದಲ್ಲೇ ಕೂತಿದ್ದರೂ.

ಬಾಗಿಲು ತೆರೆಯಿತು. ಸೂಲಗಿತ್ತಿ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಎಲ್ಲರೂ ಅವರವರ ಅಮ್ಮನ್ನ ಕೂಗ್ತಾರೆ. ಈ ಹುಡುಗಿ ಅವಾಗಿಂದ ಅಕ್ಕಾ ಅಕ್ಕಾ ಅಂತಿದೆ. ಒಡಹುಟ್ಟಿದವರು ಇದಾರಾ? ಕರೆಸೋಕಾಗುತ್ತಾ? ಬಂದ್ರೆ ಸ್ವಲ್ಪ ಧೈರ್ಯ ತಗೊಳ್ತಾಳೆ."

"ಒಡಹುಟ್ಟಿದವರು ಯಾರೂ ಇಲ್ಲ" ಅಂದೆ. "ಆ ಅಕ್ಕ ನಾನೇ."

ಕುದಿಯುತ್ತಿದ್ದ ನೀರನ್ನು ಹಾಗೇ ಬಿಟ್ಟು ಒಳಗೆ ಹೋದೆ. ಅವಳ ಬೆನ್ನ ಹಿಂದೆ ಗೋಡೆಗೆ ಒರಗಿ ಕೂತು, ಬೆವರಿದ ಆ ತಲೆಯನ್ನು ಎದೆಗೆ ಒತ್ತಿಕೊಂಡೆ. ಕೂಗು ಕಂದಾ, ಇಲ್ಲೇ ಇದೀನಿ ಅಂದೆ.