ಸಬೀರಾ ಅಜ್ಜಿ ಮುರಿದ ನೆಟಿಕೆ

ಕಾರು ರಿವರ್ಸ್ ತೆಗೆಯುವಾಗ ನಾಗೇಶ ಮೇಲಿನ ಮನೆಯ ಸಬೀರಾ ಅಜ್ಜಿ ಕೆಳಗಿಟ್ಟಿದ್ದ ಪುದೀನ ಕುಂಡವನ್ನು ಪುಡಿಪುಡಿ ಮಾಡಿದ. ಸದ್ದಿಗೆ ಅಜ್ಜಿ ಬಾಲ್ಕನಿಗೆ ಬಂದರು. ಬಾಯಿ ತುಂಬ ಎಲೆ ಅಡಿಕೆ, ಮಾತಿಗೆ ಜಾಗವೇ ಇಲ್ಲ. ಎರಡೂ ಕೈ ನಾಗೇಶನ ಕಡೆ ಚಾಚಿ, ಹಿಂದಕ್ಕೆಳೆದು, ಹತ್ತೂ ಬೆರಳಿನ ನೆಟಿಕೆಯನ್ನು ಲಟಲಟನೆ ಮುರಿದು ಒಳಗೆ ಹೋದರು.

ನಾಗೇಶನ ಜೀವ ಬಾಯಿಗೆ ಬಂತು. ಇವತ್ತೇ ಹೀಗಾಗಬೇಕೆ! ಶೆಟ್ಟಿಹಳ್ಳಿಯ ತವರಿನಲ್ಲಿದ್ದ ಹೆಂಡತಿ ಶಿಲ್ಪಳನ್ನೂ ಮೂರು ತಿಂಗಳ ಮಗಳನ್ನೂ ಮೊದಲ ಸಲ ಮನೆಗೆ ಕರೆತರುವ ದಿನ. ಈ ಹಳೇ ಕಾರು ಕೊಂಡದ್ದೇ ಅದಕ್ಕೆ. ರಾಹುಕಾಲಕ್ಕೆ ಮುಂಚೆ ಮಗು ಹೊಸಿಲು ದಾಟಬೇಕೆಂದು ಅತ್ತೆ ಮುನಿಯಲ್ಲಮ್ಮ ವಾರದಿಂದ ಫೋನಿನಲ್ಲಿ ಪ್ರಾಣ ಹಿಂಡಿದ್ದರು.

ಎದುರು ಮನೆಯ ಕಲಾವತಿ ಪೊರಕೆ ಹಿಡಿದು ನಿಂತು ಎಲ್ಲ ನೋಡಿದ್ದರು. ಆರ್.ಟಿ. ನಗರದ ಆ ಕ್ರಾಸಿನಲ್ಲಿ ಅವರು ನೋಡದ್ದು ನಡೆದದ್ದೇ ಇಲ್ಲ.

"ಅಯ್ಯೋ, ನೆಟಿಕೆ ಮುರಿದ್ಬಿಟ್ರಾ! ಎಷ್ಟು ಬೆರಳು?"

"ಹತ್ತೂ."

"ಕೆಟ್ರಿ ಬಿಡಿ."

"ಪಾಪೂಗೆ ದೃಷ್ಟಿ ತೆಗೆಯೋವಾಗ್ಲೂ ಮುರೀತಾರಲ್ಲ ಅಕ್ಕ?" ನಾಗೇಶ ಆಸೆಯಿಂದ ಕೇಳಿದ.

"ಪಾಪೂಗೆ ಮುರಿದ್ರೆ ಪ್ರೀತಿ. ನಿಮ್ಮಂಥ ಕೋಣಕ್ಕೆ ಮುರಿದ್ರೆ ಶಾಪಾನೇ ಕಣ್ರೀ. ನಮ್ಮೂರಲ್ಲಿ ಒಬ್ಬ ಹಿಂಗೇ ಮುರಿಸ್ಕೊಂಡ. ಸಾಯಂಕಾಲಕ್ಕೆ ಅವನ ಗಾಡಿ ಸೀದಾ ಕೆರೆಗೆ!"

ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು ನಾಗೇಶ ಹೊರಟ. ಮೇಖ್ರಿ ಸರ್ಕಲ್ಲಿನಲ್ಲಿ ಒಬ್ಬ ಆಟೋದವನು ಪಕ್ಕಕ್ಕೆ ಬಂದು, ಅಂಗೈ ತಿರುಗಿಸಿ ಹುಬ್ಬು ಹಾರಿಸಿದ. ಬಸವನಹುಳದ ಹಾಗೆ ಹೋಗುತ್ತಿದ್ದವನಿಗೆ ಅವನು ಕೇಳಿದ್ದು 'ಏನ್ ಗುರು?' ಎಂದಷ್ಟೆ. ಚಕ್ರವೇ ಕಳಚಿತೆಂದುಕೊಂಡ ನಾಗೇಶ ಇಳಿದು ನಾಲ್ಕನ್ನೂ ಅಲ್ಲಾಡಿಸಿ ನೋಡಿದ. ಹಿಂದಿನವರು ಹಾರ್ನ್ ಹೊಡೆದು ಕಿವಿ ಕಿತ್ತರು.

ಯಶವಂತಪುರದಲ್ಲಿ ಒಂದು ಈರುಳ್ಳಿ ಲಾರಿ. ಅದರ ಕ್ಲೀನರ್ ಹಿಂದೆ ನಿಂತು ಕೈ ಬೀಸಿ 'ಬಾ ಬಾ' ಎಂದು ಕರೆಯುತ್ತಿದ್ದ. ತನ್ನನ್ನೇ ಕರೆದನೆಂದು ನಾಗೇಶ ಮುಂದೆ ಹೋದ. ಅವನು ಕರೆದದ್ದು ರಿವರ್ಸ್ ಬರುತ್ತಿದ್ದ ಲಾರಿಯನ್ನು! ಹೆಡ್‌ಲೈಟ್ ಒಡೆದು ರಸ್ತೆ ತುಂಬ ಗಾಜು.

ನಾಗೇಶ ಹಿಂದಿನ ಸೀಟು ನೋಡಿದ. ಮಗಳಿಗೆಂದು ಹಾಸಿದ್ದ ಪುಟ್ಟ ಹಾಸಿಗೆ ಅಲ್ಲಿತ್ತು. ಈ ಶಾಪದ ಕಾರಿನಲ್ಲಿ ಆ ಕೂಸನ್ನು ಹೇಗೆ ಮಲಗಿಸುವುದು? ಮೊದಲು ಅಜ್ಜಿಯ ಕಾಲು ಹಿಡಿಯಬೇಕೆಂದು ಕಾರು ತಿರುಗಿಸಿದ. ಅತ್ತೆಯ ಫೋನು ಬಡಿದುಕೊಳ್ಳುತ್ತಲೇ ಇತ್ತು. ಓಡಿಸುತ್ತಾ ಮಾತಾಡಿದರೆ ಶಾಪಕ್ಕೆ ಅದೇ ನೆಪವಾದೀತೆಂದು ಎತ್ತಲೇ ಇಲ್ಲ.

ಮೇಲಿನ ಮನೆಗೆ ನುಗ್ಗಿ ಅಜ್ಜಿಯ ಕಾಲಿಗೆ ಬಿದ್ದ. "ತಪ್ಪಾಯ್ತು ಅಜ್ಜಿ! ನನಗೇನಾದ್ರೂ ಆಗ್ಲಿ, ಮಗೂಗೆ ಬೇಡ. ಶಾಪ ವಾಪಸ್ ತಗೊಳ್ಳಿ!"

ಅಜ್ಜಿ ಗಾಬರಿಯಾಗಿ ಮಗ ಜಹೀರನ ಮುಖ ನೋಡಿದರು. ವಿಷಯ ಕೇಳಿ ಜಹೀರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಶಾಪ ಅಲ್ಲ ನಾಗೇಶಣ್ಣ, ಬಲಾ ತಗೊಳ್ಳೋದು ಅಂತೀವಿ ನಾವು. ನಿಮಗೆ ಬರೋ ಕಷ್ಟ ಎಲ್ಲಾ ನಂಗೇ ಬರ್ಲಿ ಅಂತ. ಪಾಪು ಕರ್ಕೊಂಡ್ ಬರೋಕೆ ಹೊರಟ್ರಲ್ಲ, ಅದಕ್ಕೆ ಅಮ್ಮಿ ತೆಗೆದಿದ್ದು. ಪುದೀನ ಹೋದ್ರೆ ಇನ್ನೊಂದು ಕಡ್ಡಿ ನೆಟ್ರಾಯ್ತು."

"ನನ್ನಂಥ ಕೋಣಕ್ಕೂ ತೆಗೀತಾರಾ?"

"ನಂಗೇ ದಿನಾ ತೆಗೀತಾರೆ, ನೋಡಿ ನನ್ ಗಡ್ಡ!"

ನಾಗೇಶನ ಎದೆಯ ಮೇಲಿನ ಬಂಡೆ ಇಳಿಯಿತು. ಅವನ ತಾಯಿ ತೀರಿಹೋದ ಮೇಲೆ ಅವನಿಗಾಗಿ ಯಾರೂ ಇಷ್ಟು ಮಾಡಿರಲಿಲ್ಲ. ಅಜ್ಜಿಯ ಕೈ ಹಿಡಿದು ಅತ್ತೇಬಿಟ್ಟ.

ಅಷ್ಟರಲ್ಲಿ ಕೆಳಗೆ ಆಟೋ ನಿಂತಿತು. ಕಾದು ಕಾದು ಸಾಕಾಗಿ, ರಾಹುಕಾಲದಲ್ಲೇ, ದಾರಿಯ ಧೂಳನ್ನೆಲ್ಲ ಕುಡಿದು, ಶಿಲ್ಪ ಮಗುವನ್ನೆತ್ತಿಕೊಂಡು ಬಂದಿದ್ದಳು. ಹಿಂದೆಯೇ ಮುನಿಯಲ್ಲಮ್ಮ. ನಾಗೇಶ ಮೆಟ್ಟಿಲು ಹಾರಿ ಓಡಿದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, ಎರಡೂ ಕೈ ಅವನ ಮುಖಕ್ಕೆ ಚಾಚಿ, ಹತ್ತೂ ಬೆರಳು ಲಟಲಟನೆ ಮುರಿದರು.

ನಾಗೇಶನ ಕಣ್ಣು ಮತ್ತೆ ತುಂಬಿತು. ಕೈ ಮುಗಿದು ತಲೆ ಬಗ್ಗಿಸಿದ. "ಅತ್ತೇ, ನನ್ ಮೇಲೆ ಇಷ್ಟೊಂದು ಪ್ರೀತೀನಾ ನಿಮಗೆ! ಇನ್ನೊಂದ್ಸಲ ಮುರೀರಿ."

ಬೆರಳುಗಳಲ್ಲಿ ಇನ್ನು ನೆಟಿಕೆ ಉಳಿದಿರಲಿಲ್ಲ. ಹಾಗಾಗಿ ಮುನಿಯಲ್ಲಮ್ಮ ಬಾಯಿ ತೆರೆದರು.

"ನಿನ್ ಕಾರಿಗೆ ಬೆಂಕಿ ಬೀಳ! ಬಾಣಂತೀನ ಆಟೋದಾಗೆ ಬರೋ ಅಂಗೆ ಮಾಡಿದ್ಯಲ್ಲೋ! ನಿನ್ ಮನೆ ಆಳಾ..." ಅದು ಮಗಳ ಮನೆಯೂ ಹೌದೆಂದು ನೆನಪಾಗಿ, ಅತ್ತೆ ಮತ್ತೆ ಕಾರಿನಿಂದಲೇ ಶುರು ಮಾಡಿದರು.