ಎಡಗಡೆ ಸ್ವಲ್ಪ ಕಮ್ಮಿ

ಪ್ರತಿಯೊಬ್ಬ ಮನುಷ್ಯನಿಗೂ ತನ್ನ ಯಾವುದಾದರೊಂದು ಅಂಗದ ಬಗ್ಗೆ ವಿಶೇಷ ಅಭಿಮಾನ ಇರುತ್ತದೆ. ನಮ್ಮ ಮಾವನವರಿಗೆ ನಾಲಗೆಯ ಬಗ್ಗೆ ಇತ್ತು. ಹಾಲಿಗೆ ನೀರು ಬೆರೆತದ್ದು ಹಾಲಿನವನ ಮನೆಯಲ್ಲೋ ನಮ್ಮ ಮನೆಯಲ್ಲೋ ಎಂಬುದನ್ನು ಕಾಫಿಯ ಒಂದು ಗುಟುಕಿನಲ್ಲಿ ಹೇಳುತ್ತೇನೆ ಎನ್ನುತ್ತಿದ್ದರು. ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರ ಅಣ್ಣ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರು. ಅವರಿಗೆ ಕಣ್ಣಿನ ಬಗ್ಗೆ. ಅಂಗಳದ ಆಚೆಯಿಂದಲೇ ನೋಡಿ ದೇವರ ಬಲಭುಜ ಒಂದು ನೂಲಿನಷ್ಟು ಮೇಲಿದೆ ಎಂದುಬಿಡುತ್ತಿದ್ದರು, ಅಳೆದರೆ ಇದ್ದೇ ಇರುತ್ತಿತ್ತು. ನನಗೆ ಕಿವಿಯ ಬಗ್ಗೆ. ಸಂಗೀತ ಕಲಿತವನಲ್ಲ, ಹಾಡಿದರೆ ಮನೆಯವರೇ ಕಿಟಕಿ ಮುಚ್ಚುತ್ತಾರೆ. ಆದರೆ ಕೇಳುವುದರಲ್ಲಿ ನನ್ನನ್ನು ಮೀರಿಸಿದವರು ಮುಳಬಾಗಿಲಿನಲ್ಲಿ ಇಲ್ಲ ಎಂದು ತಿಳಿದಿದ್ದೆ. ಈ ಒಂದು ತಿಳಿವಳಿಕೆಯಿಂದ ನನ್ನನ್ನು ನಿಜವಾಗಿ ಹಚ್ಚಿಕೊಂಡಿದ್ದ ಒಬ್ಬನೇ ಒಬ್ಬ ಶಿಷ್ಯನನ್ನು ದೂರ ಮಾಡಿಕೊಂಡೆ. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಆ ಭರವಸೆಯೂ ಉಳಿದಿಲ್ಲ, ಸುಮ್ಮನೆ ಹೇಳುತ್ತಿದ್ದೇನೆ.

ಆ ಶಿಷ್ಯನ ಹೆಸರು ಚಲಪತಿ. ನಾನು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಅವನು ನನ್ನಲ್ಲಿ ಮೂರು ವರ್ಷ ಓದಿದವನು. ಲೆಕ್ಕ ಹತ್ತಲಿಲ್ಲ, ಆದರೆ ಕೈ ಚುರುಕು. ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ಇಟ್ಟ. ತೊಂಬತ್ತರ ದಶಕದಲ್ಲಿ, ಒಳ್ಳೆಯ ಕಂಪನಿಯ ಸೆಟ್ಟುಗಳೆಲ್ಲ ಬೆಂಗಳೂರಿನವರಿಗೆ ಮಾತ್ರ ಎನ್ನುವ ಕಾಲದಲ್ಲಿ, ಅವನು ನನಗಾಗಿ ಒಂದು ಆಂಪ್ಲಿಫೈಯರ್ ಕೂಡಿಸಿಕೊಟ್ಟ. ಬೋರ್ಡು ಒಂದು ಕಡೆಯಿಂದ, ಟ್ರಾನ್ಸ್‌ಫಾರ್ಮರ್ ಇನ್ನೊಂದು ಕಡೆಯಿಂದ ತಂದು, ತಗಡಿನ ಪೆಟ್ಟಿಗೆಯನ್ನು ತಾನೇ ಮಡಿಸಿ, ಎರಡು ಸ್ಪೀಕರಿಗೆ ಮರದ ಡಬ್ಬ ಮಾಡಿಸಿ, ಒಂದು ಭಾನುವಾರ ತಲೆಯ ಮೇಲೆ ಹೊತ್ತುಕೊಂಡು ಬಂದ. ಅಮ್ಮ ಆರತಿ ಎತ್ತುವುದೊಂದು ಬಾಕಿ. ಅಂದಿನಿಂದ ಪ್ರತಿ ಭಾನುವಾರ ಬೆಳಗ್ಗೆ ಅವನು ನಮ್ಮ ಮನೆಗೆ ಕಾಫಿಗೆ ಬರುವುದು ಪದ್ಧತಿಯಾಯಿತು. ನನಗೆ ಮಕ್ಕಳಿಲ್ಲ. ಭಾನುವಾರ ಅವನು ಗೇಟು ತೆಗೆಯುವ ಸದ್ದು ಕೇಳಿದರೆ ಮನೆಯಲ್ಲಿ ಮೂವರಿಗೂ ಮುಖ ಅರಳುತ್ತಿತ್ತು. ಇದನ್ನು ಆಗ ಅವನಿಗೆ ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ.

ನಾನು ಹೇಳಿದ್ದು, "ಎಡಗಡೆ ಸ್ವಲ್ಪ ಕಮ್ಮಿ ಕೇಳ್ತದಲ್ಲೋ ಚಲಪತಿ."

ಅವನು ವಾಲ್ಯೂಮ್ ಗುಂಡಿಯನ್ನು ಬಿಚ್ಚಿ, ಒಳಗೆ ಎರಡು ತೊಟ್ಟು ಪೆಟ್ರೋಲ್ ಬಿಟ್ಟು, ಹತ್ತು ಸಲ ಗರಗರ ತಿರುಗಿಸಿ ಮತ್ತೆ ಹಾಕಿದ. ಎಡಗಡೆ ಕಮ್ಮಿಯೇ. ಹೊಸ ವಾಲ್ಯೂಮ್ ಕಂಟ್ರೋಲ್ ತಂದು ಹಾಕಿದ. ಆಗಲೂ ಕಮ್ಮಿ. ಒಂದೇ ಗುಂಡಿಯ ಹಿಂದೆ ಎರಡು ಪಟ್ಟಿ ಇರುತ್ತವೆ, ಒಂದು ಎಡಕ್ಕೆ, ಒಂದು ಬಲಕ್ಕೆ, ಎರಡೂ ಒಂದೇ ಸಮ ಸವೆಯುವುದಿಲ್ಲ ಎಂದು ಅವನೇ ನನಗೆ ವಿವರಿಸಿದ್ದ. ಅದನ್ನೇ ನಾನು ಅವನ ವಿರುದ್ಧ ಸಾಕ್ಷಿಯಾಗಿ ಹಿಡಿದುಕೊಂಡೆ. ಒಂದು ಭಾನುವಾರ ಅವನು ಹಿಂದಿನ ತಂತಿಗಳನ್ನು ಅದಲು ಬದಲು ಮಾಡಿ, "ಈಗ ಯಾವ ಕಡೆ ಕಮ್ಮಿ ಸಾರ್?" ಎಂದು ಕೇಳಿದ. "ಈಗಲೂ ಎಡಗಡೆಯೇ" ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಕಂಟ್ರೋಲ್ ಕ್ವಾಲಿಟಿ ಬರ್ತಿಲ್ಲ ಸಾರ್, ಇನ್ನೊಂದು ನೋಡ್ತೀನಿ" ಅಂದ. ತಂತಿ ಬದಲಾದರೂ ದೋಷ ಬದಲಾಗಲಿಲ್ಲವಲ್ಲ, ಹಾಗಾದರೆ ದೋಷ ತಂತಿಯ ಯಾವ ತುದಿಯಲ್ಲಿದೆ ಎಂದು ಲೆಕ್ಕದ ಮೇಷ್ಟ್ರಾದ ನಾನು ಯೋಚಿಸಬಹುದಿತ್ತು. ಯೋಚಿಸಲಿಲ್ಲ. ಅವನು ಕೊನೆಗೆ ಏನೋ ಮಾಡಿ ಎಡಗಡೆಯದನ್ನು ಏರಿಸಿಕೊಟ್ಟ. ನನಗೆ ಸ್ವರ್ಗ. ಆದರೆ ನನ್ನ ಹೆಂಡತಿ ಪದ್ಮಾ, "ರೀ, ಆ ಕಡೆಯದು ಕಿವಿ ಹರಿದುಹೋಗೋ ಹಂಗೆ ಕಿರುಚ್ತಿದೆ" ಎಂದು ಗೊಣಗಿದಳು. ಅಮ್ಮ ತನ್ನ ಕುರ್ಚಿಯನ್ನೇ ಅಡುಗೆಮನೆ ಬಾಗಿಲಿಗೆ ಸಾಗಿಸಿದಳು. ಹೆಂಗಸರಿಗೆ ಸೂಕ್ಷ್ಮ ತಿಳಿಯದು ಎಂದು ನಾನು ಸುಮ್ಮನಾದೆ.

ಹೀಗೆ ಹತ್ತು ಹನ್ನೊಂದು ವರ್ಷ ಕಳೆಯಿತು. ಎರಡು ಸಾವಿರದ ಐದೋ ಆರೋ ಇರಬೇಕು, ಕೋಲಾರದಲ್ಲಿ ಪರೀಕ್ಷೆಯ ಪೇಪರು ತಿದ್ದಲು ಹೋದಾಗ ಒಂದು ದೊಡ್ಡ ಅಂಗಡಿ ಹೊಕ್ಕೆ. ಅಲ್ಲಿ ಟೈ ಕಟ್ಟಿದ ಒಬ್ಬ ಹೋಂ ಥಿಯೇಟರ್ ರಿಸೀವರ್ ತೋರಿಸಿದ. "ಹಳೇ ಕಂಟ್ರೋಲೆಲ್ಲ ಅನಲಾಗ್ ಸಾರ್, ಎರಡು ಕಡೆ ಯಾವತ್ತೂ ಸಮ ಇರಲ್ಲ. ಇದು ಡಿಜಿಟಲ್. ಕೂದಲೆಳೆಯಷ್ಟೂ ವ್ಯತ್ಯಾಸ ಬರಲ್ಲ" ಅಂದ. ನನ್ನ ಹನ್ನೊಂದು ವರ್ಷದ ನೋವನ್ನು ಅರ್ಥ ಮಾಡಿಕೊಂಡ ಮೊದಲ ಮನುಷ್ಯ ಅವನು. ಕಣ್ಣಲ್ಲಿ ನೀರು ಬರುವಂತಾಯಿತು, ಅಲ್ಲೇ ದುಡ್ಡು ಕಟ್ಟಿದೆ. ಊರಿಗೆ ಮರಳಿದವನು ಆ ಸಂತೋಷವನ್ನು ಸುಮ್ಮನೆ ಅನುಭವಿಸಿದ್ದರೆ ಆಗುತ್ತಿತ್ತು. ದೋಸೆ ಹೋಟೆಲಿನಲ್ಲಿ ಚಲಪತಿ ಸಿಕ್ಕ. ಅವನ ಜೊತೆ ಅವನ ಗಿರಾಕಿಗಳು ಮೂವರಿದ್ದರು. ನಾನು ಅವರೆಲ್ಲರ ಎದುರಿಗೆ, "ಎರಡು ಕಡೆ ಸಮ ಮಾಡೋದು ನಿನ್ನ ಕೈಲಿ ಆಗಲ್ಲ ಬಿಡೋ. ಸ್ಕೂಲಲ್ಲೂ ನಿನಗೆ ಸಮೀಕರಣ ಬರ್ತಿರಲಿಲ್ಲ" ಅಂದೆ. ಗಿರಾಕಿಗಳು ನಕ್ಕರು. ಅವನು ನಗಲಿಲ್ಲ. ಅರ್ಧ ತಿಂದ ದೋಸೆಯನ್ನು ಬಿಟ್ಟು ಕೈ ತೊಳೆಯಲು ಎದ್ದ. ಮಾರನೆಯ ದಿನ ಆ ತಗಡಿನ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಕಟ್ಟಿ ಅವನ ಅಂಗಡಿಗೆ ಆಟೋದಲ್ಲಿ ಕಳಿಸಿದೆ. ಆ ಭಾನುವಾರ ಗೇಟಿನ ಸದ್ದು ಆಗಲಿಲ್ಲ. ಆಮೇಲಿನ ಯಾವ ಭಾನುವಾರವೂ ಆಗಲಿಲ್ಲ.

ಮನೆಗೆ ಬಂದ ರಿಸೀವರ್ ಬಗ್ಗೆ ಏನು ಹೇಳಲಿ. ಹಳೆಯ ಗುಂಡಿಗೆ ಒಂದು ಆದಿ, ಒಂದು ಅಂತ್ಯ ಇತ್ತು. ಎಡಕ್ಕೆ ಪೂರ್ತಿ ತಿರುಗಿಸಿದರೆ ಟಿಕ್ ಎಂದು ಬಾಯಿ ಮುಚ್ಚುತ್ತಿತ್ತು. ಈ ಗುಂಡಿ ತಿರುಗುತ್ತದೆ, ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಎಲ್ಲಿದ್ದೇವೆಂದು ತಿಳಿಯಲು ನೀಲಿ ಅಂಕಿ ನೋಡಬೇಕು. ಆ ಅಂಕಿಗಳೂ ಮೈನಸ್ಸಿನಲ್ಲಿ. ಮೈನಸ್ ಎಂಬತ್ತು ಎಂದರೆ ಮೌನ, ಮೈನಸ್ ನಲವತ್ತು ಎಂದರೆ ಮನೆಮಂದಿಗೆ ಹಿತ, ಸೊನ್ನೆ ಎಂದರೆ ಪ್ರಳಯ. ಇದನ್ನು ನಾನು ಅಮ್ಮನಿಗೆ ವಿವರಿಸಿರಲಿಲ್ಲ. ಒಂದು ಬೆಳಗ್ಗೆ ನಾನು ಸ್ನಾನದಲ್ಲಿದ್ದೆ, ಸುಪ್ರಭಾತ ನಡೆಯುತ್ತಿತ್ತು, ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು. ಅವಳ ಜೊತೆ ಚೌಕಾಸಿ ಮಾಡಲು ಅಮ್ಮ ಸದ್ದನ್ನು ಪೂರ್ತಿ ನಿಲ್ಲಿಸಲು ಹೋಗಿ, ಅಂಕಿಯನ್ನು ಭಕ್ತಿಯಿಂದ ಸೊನ್ನೆಗೆ ತಂದಳು. ಗೋಡೆಯ ಫೋಟೋಗಳು ಅಲುಗಿದವು. ಸೊಪ್ಪಿನವಳು ಬುಟ್ಟಿ ಬಿಟ್ಟು ಓಡಿದಳು. ನಾನು ಸೋಪಿನ ಸಮೇತ ಬಂದು ಗುಂಡಿ ಹಿಡಿದು ತಿರುಗಿಸುವಷ್ಟರಲ್ಲಿ ಪಕ್ಕದ ಮನೆಯವರೆಲ್ಲ ನಮ್ಮ ಜಗುಲಿಯಲ್ಲಿದ್ದರು.

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇನೋ?" ಎಂದಳು ಅಮ್ಮ, ಕಿವಿಯಿಂದ ಕೈ ತೆಗೆಯದೆ. "ಊರ ಮಕ್ಕಳಿಗೆಲ್ಲ ನೀನೇ ಹಂಗೆ ಹೇಳ್ಕೊಟ್ಟಿದ್ದೀಯ."

ಇದನ್ನೂ ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಬೇರೆ ಇತ್ತು. ಸೆಟ್ಟು ಬಂದ ಮೊದಲ ದಿನವೇ ಅದು ನನಗೆ ಗೊತ್ತಾಗಿತ್ತು, ಆದರೆ ಬಾಯಿಬಿಟ್ಟು ಹೇಳಿಕೊಳ್ಳಲು ಧೈರ್ಯ ಸಾಲಲಿಲ್ಲ. ಎಡಗಡೆ ಸ್ವಲ್ಪ ಕಮ್ಮಿ.

ಡಿಜಿಟಲ್ಲೂ ಕೈಕೊಟ್ಟರೆ ಮನುಷ್ಯ ಯಾರ ಬಳಿ ಹೋಗಬೇಕು? ರಿಸೀವರಿನಲ್ಲಿ ಪರೀಕ್ಷೆಗೆಂದೇ ಒಂದು ಸದ್ದು ಇತ್ತು. ಶ್ಶ್ ಎಂದು ಒಂದೊಂದೇ ಸ್ಪೀಕರಿಗೆ ಹೋಗಿ ಬರುತ್ತದೆ, ಎಲ್ಲವೂ ಸಮವಾಗಿ ಕೇಳುವಂತೆ ನಾವು ಹೊಂದಿಸಬೇಕು. ನಾನು ಹೊಂದಿಸಿದೆ. ಎಡಗಡೆಯದು ಪ್ಲಸ್ ಎಂಟಕ್ಕೆ ಬಂದು ನಿಂತಿತು. ಅಮ್ಮನ ಕುರ್ಚಿ ಅಡುಗೆಮನೆಯ ಒಳಗೇ ಹೋಯಿತು. ಒಂದು ಭಾನುವಾರ ಬೆಳಗ್ಗೆ, ಯಾರೂ ಬರುವವರಿಲ್ಲದ ಬೆಳಗ್ಗೆ, ನಾನು ತಂತಿ ನೋಡೋಣವೆಂದು ಟಿವಿಯ ಹಿಂದೆ ಗೋಡೆಗೆ ಬೆನ್ನು ಕೊಟ್ಟು ನುಸುಳಿದೆ. ಆಶ್ಚರ್ಯ, ಅಲ್ಲಿ ನಿಂತರೆ ಎಡಗಡೆ ಸ್ಪೀಕರೇ ಕಿರುಚುತ್ತಿದೆ, ಬಲಗಡೆಯದು ಬಾಡಿದೆ. ತಂತಿ ಅದಲು ಬದಲಾಗಿದೆ ಎಂದು ಬದಲಿಸಿ ಬಂದು ಕುರ್ಚಿಯಲ್ಲಿ ಕೂತೆ. ಎಡಗಡೆ ಕಮ್ಮಿ. ಮತ್ತೆ ಹಿಂದಕ್ಕೆ ಹೋದೆ. ಹೀಗೆ ಮೂರು ಸಲ ಆಯಿತು. ಪದ್ಮಾ ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ನೋಡುತ್ತಿದ್ದಳು.

"ರೀ, ಒಂದ್ನಿಮಿಷ ಕುರ್ಚಿ ತಿರುಗಿಸಿ ಅಡುಗೆಮನೆ ಕಡೆ ಮುಖ ಮಾಡಿ ಕೂತ್ಕೊಳ್ಳಿ."

ಕೂತೆ.

"ಈಗ ಯಾವ ಕಡೆ ಕಮ್ಮಿ?"

ಬೆನ್ನ ಹಿಂದೆ ಸ್ಪೀಕರುಗಳು ಇದ್ದಲ್ಲೇ ಇದ್ದವು. ಅವುಗಳಲ್ಲಿ ಇಷ್ಟು ದಿನ ಸರಿಯಾಗಿದ್ದದ್ದು ಕಮ್ಮಿಯಾಗಿತ್ತು, ಕಮ್ಮಿಯಾಗಿದ್ದದ್ದು ಸರಿಯಾಗಿತ್ತು. ಪದ್ಮಾ ಸುಲಿದ ಕಾಳನ್ನು ಒಳಗೆ ತೆಗೆದುಕೊಂಡು ಹೋದಳು.

ಕೋಲಾರದ ಕಿವಿ ಡಾಕ್ಟರು ಎರಡೂ ಕಿವಿಗೆ ಏನೇನೋ ಸಿಕ್ಕಿಸಿ, ಕೀಂ ಎಂದಾಗ ಕೈ ಎತ್ತಿ ಎಂದರು. ಎಡಗಿವಿಯ ಸರದಿಯಲ್ಲಿ ನಾನು ಬಹಳ ಹೊತ್ತು ಕೈ ಎತ್ತದೆ ಕೂತಿದ್ದೆ. ಪರೀಕ್ಷೆ ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದೆ. "ಇದು ನಿನ್ನೆ ಮೊನ್ನೆಯದಲ್ಲ. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತಾ?" ಎಂದರು. ಸೋರುತ್ತಿತ್ತು. ಅಮ್ಮ ಬೆಳ್ಳುಳ್ಳಿ ಎಣ್ಣೆ ಬಿಡುತ್ತಿದ್ದಳು. ಮುಳಬಾಗಿಲಿಗೆ ಬಸ್ಸಿನಲ್ಲಿ ವಾಪಸು ಬರುವಾಗ ಬೆಂಗಳೂರಿನ ಕಂಪನಿಯಲ್ಲಿ ಶಿಫ್ಟ್ ಮುಗಿಸಿಕೊಂಡು ಊರಿಗೆ ಹೊರಟಿದ್ದ ಹುಡುಗನೊಬ್ಬ ಎಡಗಡೆ ಕೂತು ಏನೋ ಕೇಳಿದಂತಾಯಿತು. ಅವನ ಕಡೆ ತಿರುಗುವ ಮನಸ್ಸೂ ಬರಲಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಅರ್ಧ ತಿಂದ ದೋಸೆ.

ಬಸ್ಸಿಳಿದು ನೇರವಾಗಿ ಚಲಪತಿಯ ಅಂಗಡಿಗೆ ಹೋದೆ. ಅವನು ಒಂದು ಟೇಪ್ ರೆಕಾರ್ಡರಿನ ಹೊಟ್ಟೆಗೆ ಸೋಲ್ಡರ್ ಇಡುತ್ತಿದ್ದ. ಎದ್ದು ನಿಂತು ಸ್ಟೂಲ್ ಒರೆಸಿದ.

"ಕಂಟ್ರೋಲಿನದು ತಪ್ಪಲ್ಲ ಕಣೋ. ನನ್ನ ಎಡಗಿವಿ ಮಂದವಂತೆ" ಅಂದೆ.

"ಗೊತ್ತು ಸಾರ್."

"ತಂತಿ ಬದಲಾಯಿಸಿ ನೋಡಿದೆಯಲ್ಲ, ಆವಾಗ ಗೊತ್ತಾಯ್ತಾ?"

"ಕಾದು ಸಾರ್," ಎಂದು ತೆಲುಗಿನಲ್ಲೇ ಅಲ್ಲ ಅಂದ. "ಎಂಟನೇ ಕ್ಲಾಸಿಂದ್ಲೂ ಗೊತ್ತು." ಅವನು ಸೋಲ್ಡರಿನ ಕಡ್ಡಿಯನ್ನು ಕೆಳಗಿಟ್ಟ. "ನೀವು ಬೋರ್ಡ್ ಕಡೆ ನಿಂತ್ಕೊಂಡ್ರೆ ಎಡಗಡೆ ಬೆಂಚು ಬರ್ತಿತ್ತಲ್ಲ ಸಾರ್, ಅದಕ್ಕೆ ನಮ್ಮೊಳಗೆ ಜಗಳ ಆಗೋದು. ಅಲ್ಲಿ ಕೂತ್ರೆ ಏನ್ ಮಾತಾಡಿದ್ರೂ ನಿಮಗೆ ಕೇಳ್ತಿರ್ಲಿಲ್ಲ. ನಾನು ಮೂರು ವರ್ಷ ಆ ಬೆಂಚು ಬಿಟ್ಕೊಟ್ಟಿಲ್ಲ. ಅದಕ್ಕೇ ಲೆಕ್ಕ ಬರ್ಲಿಲ್ಲ."

"ಮತ್ತೆ ಇಷ್ಟು ವರ್ಷ ಯಾಕೋ ಹೇಳ್ಲಿಲ್ಲ?"

"ಮೇಷ್ಟ್ರಿಗೆ ಕಿವಿ ಕೇಳಲ್ಲ ಅಂತ ಎಂಗ್ ಸಾರ್ ಹೇಳೋದು? ಕಂಟ್ರೋಲ್ ಸರಿಯಿಲ್ಲ ಅಂದ್ರೆ ನನಗೊಂದ್ ಮಾತ್ ಬೀಳ್ತದೆ, ಅಷ್ಟೇ ತಾನೇ."

ಇಪ್ಪತ್ತೆಂಟು ವರ್ಷ ಎಡಗಡೆ ಬೆಂಚಿನವರನ್ನು ಶಿಸ್ತಿನ ಸಿಪಾಯಿಗಳೆಂದು ಹೊಗಳಿ, ಬಲಗಡೆಯವರನ್ನು ಪಿಸುಗುಟ್ಟಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಅವರೆಲ್ಲರ ಬಳಿ ಕ್ಷಮೆ ಕೇಳಲು ಈ ಜನ್ಮ ಸಾಲದು. ಎದುರಿಗಿದ್ದ ಒಬ್ಬನ ಬಳಿಯಾದರೂ ಕೇಳಬೇಕೆಂದು ಬಾಯಿ ತೆರೆದೆ. "ಭಾನುವಾರ ಕಾಫಿಗೆ ಬಾರೋ" ಎಂದಷ್ಟೇ ಹೇಳಿ ಎದ್ದುಬಂದೆ.

ಬಂದ. ಗೇಟಿನ ಸದ್ದು ಆದಾಗ ಅಮ್ಮ ಅಡುಗೆಮನೆಯಿಂದ ಕುರ್ಚಿಯ ಸಮೇತ ಹೊರಗೆ ಬಂದಳು. ಚಲಪತಿ ಮೊದಲು ರಿಸೀವರಿನ ಬಳಿ ಹೋಗಿ ನನ್ನ ಪ್ಲಸ್ ಎಂಟನ್ನು ತೆಗೆದು, ಎರಡು ಕಡೆಯನ್ನೂ ಸಮ ಮಾಡಿದ. ನಾನು ತಡೆಯಲಿಲ್ಲ. ಆಮೇಲೆ ಕಾಫಿ ಲೋಟ ಹಿಡಿದು ಜಾಗ ಹುಡುಕಿದ. ನನ್ನ ಬಲಕ್ಕೆ ಒಳ್ಳೆಯ ಬೆತ್ತದ ಕುರ್ಚಿಯನ್ನು ಖಾಲಿ ಬಿಟ್ಟಿದ್ದೆ. ಅವನು ಅದನ್ನು ನೋಡಿಯೂ ನೋಡದವನಂತೆ ನನ್ನನ್ನು ಬಳಸಿಕೊಂಡು ಹೋಗಿ, ಅಮ್ಮ ಮತ್ತು ಪದ್ಮಾ ಕೂತಿದ್ದ ಎಡಗಡೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಸ್ವಲ್ಪ ಹೊತ್ತಿಗೆ ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು, ಪದ್ಮಾಗೆ ಕಾಫಿ ನೆತ್ತಿಗೇರಿತು. ನಡುನಡುವೆ ಮೂವರೂ ನನ್ನ ಕಡೆ ನೋಡುತ್ತಿದ್ದರು. ಅವನು ಏನು ಹೇಳುತ್ತಿದ್ದಾನೆಂದು ಕೇಳಿದರೆ ಕಿವುಡೆಂದು ಇನ್ನೊಮ್ಮೆ ಒಪ್ಪಿಕೊಂಡಂತೆ. ಹಾಗಾಗಿ ಎಲ್ಲ ಕೇಳಿಸಿಕೊಂಡವನ ಹಾಗೆ ನಾನೂ ಅವರ ಜೊತೆ ನಕ್ಕೆ.