ಜೀರಿಗೆಯೂ ನನ್ನ ಗಂಟಲೂ

ನನ್ನ ಗಂಟಲು ದೊಡ್ಡದು ಎಂಬುದನ್ನು ನಾನು ಐವತ್ತಮೂರು ವರ್ಷ ಒಂದು ಸದ್ಗುಣವೆಂದೇ ತಿಳಿದಿದ್ದೆ. ನಮ್ಮ ನಮ್ಮ ಕೊರತೆಗಳಿಗೆ ಒಳ್ಳೆಯ ಹೆಸರಿಟ್ಟುಕೊಳ್ಳುವುದರಲ್ಲಿ ನಾವೆಲ್ಲ ಜಾಣರೇ. ಸೋಮಾರಿ ತನ್ನನ್ನು ಸಮಾಧಾನಿ ಎನ್ನುತ್ತಾನೆ, ಮರೆಗುಳಿ ತಾನು ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವವನಲ್ಲ ಎನ್ನುತ್ತಾನೆ. ನಾನು 'ಇದ್ದದ್ದನ್ನು ಇದ್ದ ಹಾಗೆ ಹೇಳುವವನು' ಎಂದುಕೊಂಡಿದ್ದೆ. ಸಿಕ್ಕ ಕೆಲಸವೂ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಹಾಸನದಲ್ಲಿ ಇಪ್ಪತ್ತಾರು ವರ್ಷದಿಂದ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. ಪಕ್ಕದ ಸೀಟಿನಲ್ಲಿ ಕುಳಿತು, ನನ್ನ ಕಾಲ ಬಳಿಯೂ ಒಂದು ಬ್ರೇಕು ಇಟ್ಟುಕೊಂಡು, "ಕ್ಲಚ್ಚು! ಕ್ಲಚ್ಚು! ಅಯ್ಯೋ, ಕ್ಲಚ್ಚು ಅಂದ್ನಲ್ರೀ!" ಎಂದು ಕೂಗುವುದೇ ನನ್ನ ಬೋಧನಾಕ್ರಮ. ಗಾಜು ಏರಿಸಿದ್ದರೂ ಪಾಠ ರಸ್ತೆಯ ಆಚೆ ಬದಿಗೆ ಕೇಳಿಸುತ್ತದೆ. ಅಲ್ಲಿನ ಟೀ ಅಂಗಡಿಯವನು ನನ್ನ ಕಾರು ಹತ್ತದೆಯೇ, ಟೀ ಸೋಸುತ್ತ ಸೋಸುತ್ತಲೇ ಡ್ರೈವಿಂಗ್ ಕಲಿತೆನೆಂದು ಹೇಳಿಕೊಳ್ಳುತ್ತಾನೆ.

ಕೂಗುವುದನ್ನು ನಾನೇನು ಕಂಡುಹಿಡಿದದ್ದಲ್ಲ. ನನಗೆ ಕಲಿಸಿದವರು ಚನ್ನರಾಯಪಟ್ಟಣದ ಒಬ್ಬ ಲಾರಿ ಡ್ರೈವರು. ಗೇರು ತಪ್ಪಿದರೆ ಮೊದಲು ಬೈಗುಳ, ಆಮೇಲೆ ತಲೆಗೊಂದು ಮೊಟಕು. ಎರಡೂ ಪಾಠದ ಭಾಗವೇ ಎಂದು ನಾನು ಭಾವಿಸಿದ್ದೆ. ಮೊಟಕುವುದನ್ನು ಕೈಬಿಟ್ಟದ್ದಕ್ಕೆ ನನ್ನಷ್ಟು ಮೃದು ಮೇಷ್ಟರು ಜಿಲ್ಲೆಯಲ್ಲೇ ಇಲ್ಲವೆಂಬ ಹೆಮ್ಮೆ ಬೇರೆ ಇತ್ತು.

ಹೀಗಿರುವಾಗ ನನ್ನ ಹೆಂಡತಿ ಲಲಿತ ಶಾಂತಿಗ್ರಾಮದ ತನ್ನ ಅಕ್ಕನ ಮನೆಯಿಂದ ಒಂದು ನಾಯಿಮರಿಯನ್ನು ತಂದಳು. ಎರಡು ಅಂಗೈ ಜೋಡಿಸಿದರೆ ಮಲಗುವಷ್ಟು ಗಾತ್ರ, ಹುರಿದ ಜೀರಿಗೆಯ ಬಣ್ಣ. ಹಾಗಾಗಿ ಹೆಸರೂ ಜೀರಿಗೆ. ನಾನು ಸಂಜೆ ಮನೆಗೆ ಬಂದು, "ಓಹೋ, ಯಾರಪ್ಪಾ ಇದು!" ಎಂದು ಪ್ರೀತಿಯಿಂದಲೇ ಕೇಳಿದೆ. ಜೀರಿಗೆ ನಿಂತಲ್ಲೇ ಉಚ್ಚೆ ಹೊಯ್ದಿತು. ಮರಿ, ಇನ್ನೂ ತಿಳಿಯದು ಎಂದುಕೊಂಡೆವು. ಮರುದಿನ "ಲಲಿತಾ, ಕಾಫಿ!" ಎಂದೆ. ಮತ್ತೆ ಹೊಯ್ದಿತು. ಫೋನಿನಲ್ಲಿ ಮಾತಾಡಿದೆ, ಹೊಯ್ದಿತು. ಸೀನಿದೆ, ಆಗಲೂ ಹೊಯ್ದಿತು. ಶಿಸ್ತು ಕಲಿಸಬೇಕೆಂದು ಬೆರಳು ತೋರಿಸಿ ಗದರಿಸಿದಾಗಲಂತೂ ಮಂಚದ ಅಡಿಗೆ ಓಡಿ, ಅಲ್ಲಿ ಇನ್ನಷ್ಟು ಹೊಯ್ದು, ಊಟದ ಹೊತ್ತಿಗೂ ಹೊರಗೆ ಬರಲಿಲ್ಲ.

"ರೀ, ನೀವು ಬಾಯಿ ತೆಗೆದಾಗ ಮಾತ್ರ ಅದು ಹಿಂಗೆ ಮಾಡೋದು, ಗಮನಿಸಿದ್ದೀರಾ?" ಎಂದಳು ಲಲಿತ.

"ಹಂಗೇನಿಲ್ಲ!" ಎಂದೆ. ಒರೆಸುವ ಬಟ್ಟೆ ತರಬೇಕಾಯಿತು.

ಹದಿನೈದು ದಿನವಾದ ಮೇಲೆ ನಾನು ತೀರ್ಪು ಕೊಟ್ಟೆ. ಈ ಮರಿಗೆ ಬುದ್ಧಿ ಬರುವುದಿಲ್ಲ, ಶಾಂತಿಗ್ರಾಮಕ್ಕೆ ವಾಪಸ್ಸು ಬಿಟ್ಟು ಬಾ ಎಂದೆ. ಲಲಿತ ಸೌತೆಕಾಯಿ ಹೆಚ್ಚುತ್ತಿದ್ದವಳು ಕತ್ತೆತ್ತದೆ, "ಆಗ್ಲಿ. ಬಿಟ್ಟು ನಾನೂ ಅಲ್ಲೇ ಒಂದು ತಿಂಗಳು ಇದ್ದು ಬರ್ತೀನಿ" ಎಂದಳು. ಅವಳು ತಮಾಷೆಗೆ ಹೇಳುವಾಗ ನಗುತ್ತಾಳೆ. ಅವತ್ತು ನಗಲಿಲ್ಲ. ಒಂದು ತಿಂಗಳು ನನ್ನ ಕೈಯಡುಗೆ ನಾನೇ ತಿನ್ನುವ ಚಿತ್ರ ಕಣ್ಣಮುಂದೆ ಬಂತು. ತೀರ್ಪನ್ನು ವಾಪಸ್ಸು ಪಡೆದೆ. ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಇಬ್ಬರೂ ಪಶು ಆಸ್ಪತ್ರೆಗೆ ಹೋದೆವು.

ಅಲ್ಲಿನ ಡಾಕ್ಟರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಜೀರಿಗೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಹೊಟ್ಟೆ ಮುಟ್ಟಿ, ಕಣ್ಣು ನೋಡಿ, "ಕಾಯಿಲೆ ಏನೂ ಇಲ್ಲ, ಭಯ ಅಷ್ಟೆ. ಮನೆಯಲ್ಲಿ ಯಾರಾದರೂ ಜೋರಾಗಿ ಮಾತಾಡ್ತಾರಾ?" ಎಂದು ಕೇಳಿದರು.

"ಇಲ್ವಲ್ಲಾ! ಯಾರೂ ಇಲ್ಲ!" ಎಂದೆ.

ಮೇಜು ಒದ್ದೆಯಾಯಿತು. ಡಾಕ್ಟರು ಮೇಜನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಗೋಡೆಗೆ ಅಂಟಿಸಿದ್ದ ಹಸುಗಳ ಚಿತ್ರವನ್ನು ಲಲಿತ ಬಹಳ ಶ್ರದ್ಧೆಯಿಂದ ನೋಡತೊಡಗಿದಳು.

ಔಷಧಿ ನಾಯಿಗಲ್ಲ, ನನಗೆ ಬರೆದುಕೊಟ್ಟರು. ದಿನಾ ಬೆಳಿಗ್ಗೆ ಅರ್ಧ ಗಂಟೆ ನೆಲದ ಮೇಲೆ ಕುಳಿತುಕೊಳ್ಳಬೇಕು. ಅದನ್ನು ದಿಟ್ಟಿಸಬಾರದು, ಎಳೆಯಬಾರದು, ಹಿಡಿಯಬಾರದು. ಪಕ್ಕದಲ್ಲಿ ಉಪ್ಪು ಹಾಕದ ರೊಟ್ಟಿಯ ಚೂರು ಇಟ್ಟು ಮೆಲ್ಲಗೆ ಮಾತಾಡುತ್ತಿರಬೇಕು. ತಾನಾಗಿಯೇ ಹತ್ತಿರ ಬಂದರೆ ಹೊಗಳಬೇಕು. "ಬರದಿದ್ದರೆ?" ಎಂದೆ. "ನಾಳೆ ಮತ್ತೆ ಕೂತ್ಕೊಳ್ಳಿ" ಎಂದರು.

ಮಂಡಿ ನೋವಿನವನು ನೆಲಕ್ಕೆ ಕೂರುವುದೇ ಒಂದು ಕಾರ್ಯಕ್ರಮ. ಕುಳಿತ ಮೇಲೆ ಗೊತ್ತಾದದ್ದು, ನನ್ನ ಬಳಿ ಮೆಲುದನಿ ಎಂಬುದು ಇರಲೇ ಇಲ್ಲ. ಮೊದಲ ದಿನ ಬಾಯಿಂದ ಹೊರಟದ್ದು ಶೀತ ಕಟ್ಟಿದವನ ಪಿಸುಮಾತು. ಏನು ಮಾತಾಡಬೇಕೆಂದೂ ತೋಚದೆ ಟ್ರಾಫಿಕ್ ಚಿಹ್ನೆಗಳನ್ನು ಒಂದೊಂದಾಗಿ ವಿವರಿಸಿದೆ. ಜೀರಿಗೆ ಮಂಚದ ಅಡಿಯಿಂದ ಮೂಗು ಮಾತ್ರ ತೋರಿಸಿತು. ನಾಲ್ಕನೆಯ ದಿನ ಬಂದು ರೊಟ್ಟಿ ಕಚ್ಚಿಕೊಂಡು ಓಡಿತು. "ಜಾಣೆ" ಎಂದೆ. ಆರನೆಯ ದಿನ ಸಿಟ್ಟು ಬಂತು, ಎದ್ದುಹೋಗೋಣವೆನಿಸಿತು. ಆದರೆ ಏಳಲು ಲಲಿತ ಬಂದು ಕೈ ಕೊಡಬೇಕಿತ್ತು, ಅವಳು ಕೊಡಲಿಲ್ಲ. ಕುಳಿತೇ ಇದ್ದೆ. ಒಂಬತ್ತನೆಯ ದಿನ ಅದು ಬಂದು ನನ್ನ ತೊಡೆಯ ಮೇಲೆ ಗದ್ದವಿಟ್ಟಿತು. ಬೆನ್ನ ಮೇಲೆ ಕೈಯಿಟ್ಟೆ. ಅಂಗೈಯ ಅಡಿಯಲ್ಲಿ ಅದರ ಎದೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಇಷ್ಟು ಹೆದರಿಕೆಯನ್ನು ಹೊತ್ತುಕೊಂಡೇ ಬಂದಿದೆಯಲ್ಲ ಎಂದು ನನಗೆ ಒಂದು ಕ್ಷಣ ಟ್ರಾಫಿಕ್ ಚಿಹ್ನೆಗಳೆಲ್ಲ ಮರೆತುಹೋದವು.

ಅದೇ ದಿನಗಳಲ್ಲಿ ಕೊರವಂಗಲದ ಜಯಮ್ಮ ಎಂಬುವರು ನನ್ನ ಬಳಿ ಕಲಿಯುತ್ತಿದ್ದರು. ಬೆಳೆದ ತರಕಾರಿಯನ್ನು ತಾವೇ ಸಣ್ಣ ಗಾಡಿಯಲ್ಲಿ ಹಾಸನಕ್ಕೆ ತರಬೇಕೆಂಬ ಆಸೆ. ಐದು ವಾರವಾದರೂ ಗಾಡಿ ಹತ್ತು ಮಾರು ಹೋಗಿ ಕುಕ್ಕರಿಸಿ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಖಾಲಿ ಲೇಔಟಿನಲ್ಲಿ ಗಾಡಿ ಮೂರನೆಯ ಸಲ ನಿಂತಾಗ ಅವರು ಸ್ಟೀರಿಂಗ್ ಬಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

"ನಂಗೆ ಇದು ಅತ್ತಾಕಿಲ್ಲ ಬುಡಿ ಸಾ. ನಾಳಿಂದ ಬರಾಕಿಲ್ಲ. ಮನೇಲಿ ಮೈದ್ನ ನಗಾಡ್ತಾವ್ನೆ. ನೀವು ಕ್ಲಚ್ಚು ಅಂತ ಕಿರುಚ್ಕತಿದ್ದಂಗೆ ನನ್ ಎಲ್ಡು ಕಾಲೂ ಮ್ಯಾಕೆ ಎದ್ಬುಡ್ತವೆ."

ನಾನು ಉತ್ತರಕ್ಕೆ ಬಾಯಿ ತೆರೆದೆ. ಬಂದದ್ದು ಬೆಳಿಗ್ಗೆ ಜೀರಿಗೆಯ ಮುಂದೆ ಆಡುವ ದನಿ. "ಪರವಾಗಿಲ್ಲ. ಏನೂ ಆಗಲ್ಲ. ನಿಧಾನಕ್ಕೆ. ಎಷ್ಟು ಹೊತ್ತಾದ್ರೂ ಆಗ್ಲಿ" ಎಂದೆ. ಅವರು ಹಿಂದಿನ ಸೀಟಿನಲ್ಲಿ ಬೇರೆ ಯಾರಾದರೂ ಇದ್ದಾರೇನೋ ಎಂಬಂತೆ ತಿರುಗಿ ನೋಡಿದರು. ಆಮೇಲೆ ಕ್ಲಚ್ಚು ಒತ್ತಿ, ಗೇರು ಹಾಕಿ, ಮೆಲ್ಲಗೆ ಬಿಟ್ಟರು. ಗಾಡಿ ಬೆಣ್ಣೆಯ ಹಾಗೆ ಜಾರಿತು. ಲೇಔಟಿನ ತುದಿಯವರೆಗೂ ಹೋಗಿ, ತಿರುಗಿಸಿ, ವಾಪಸ್ಸು ತಂದು ನಿಲ್ಲಿಸಿದರು.

"ಜಾಣೆ!" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಭ್ಯಾಸಬಲದಿಂದ ಕೈ ಜೇಬಿಗೆ ಹೋಗಿ, ರೊಟ್ಟಿಯ ಚೂರೊಂದನ್ನು ತೆಗೆದು ಅವರ ಮುಂದೆ ಹಿಡಿಯಿತು.

ಜಯಮ್ಮ ರೊಟ್ಟಿಯನ್ನೂ ನನ್ನನ್ನೂ ನೋಡಿದರು. ಕೊಟ್ಟದ್ದನ್ನು ಬೇಡವೆನ್ನುವ ಜನವಲ್ಲ. ಬಾಯಿಗೆ ಹಾಕಿಕೊಂಡು ಅಗಿದು, "ಅಮ್ಮಾವ್ರು ಉಪ್ಪೇ ಆಕಿಲ್ವಲ್ಲ ಸಾ. ನಿಮ್ಗೆ ಬಿಪಿನಾ?" ಎಂದು ಕನಿಕರದಿಂದ ಕೇಳಿದರು.

"ಹೌದು ಜಯಮ್ಮ" ಎಂದೆ. ನಿಜ ಹೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಮೂರು ವಾರದಲ್ಲಿ ಅವರು ಪರೀಕ್ಷೆಗೆ ಹೋಗಿ, ಎಂಟರ ಆಕಾರದ ಗೆರೆಯಲ್ಲಿ ಒಂದು ಕಂಬಕ್ಕೂ ತಾಗಿಸದೆ ಗಾಡಿ ಓಡಿಸಿ ಪಾಸಾದರು. ಒಂದು ಚೀಲ ಬದನೆಕಾಯಿ ತಂದು ಕೊಟ್ಟು, "ಇಬ್ರು ಮೇಷ್ಟ್ರ ತಾವ ಕಲ್ತಂಗಾಯ್ತು ಸಾ. ಮೊದ್ಲು ಇದ್ದೋರು ಎಲ್ಗೋದ್ರು?" ಎಂದರು. ನಾನು ನಕ್ಕೆ. ಮೊದಲಿನವನು ಎಲ್ಲಿಗೂ ಹೋಗಿರಲಿಲ್ಲ. ಹಿಂದಿನ ದಿನ ತಾನೇ ಗ್ಯಾಸ್ ಏಜೆನ್ಸಿಗೆ ಫೋನು ಮಾಡುವಾಗ ಬಂದಿದ್ದ.

ಬದನೆಕಾಯಿಯನ್ನು ಲಲಿತಳಿಗೆ ಕೊಟ್ಟು, ಜಯಮ್ಮ ಪಾಸಾದ ಕಥೆಯನ್ನು ಹೇಳಿದೆ. ಎಲ್ಲಾ ಮೆಲುದನಿಯ ಮಹಿಮೆ ಎಂದು ನನ್ನನ್ನು ನಾನೇ ಹೊಗಳಿಕೊಂಡೆ. ಅವಳು ಒಂದು ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, "ಮದುವೆಯಾದ ಹೊಸದ್ರಲ್ಲಿ ನಂಗೂ ಕಲಿಸೋಕೆ ಕರ್ಕೊಂಡು ಹೋಗಿದ್ರಿ, ನೆನಪಿದೆಯಾ?" ಎಂದಳು. ನೆನಪಿತ್ತು. ಸಾಲಗಾಮೆ ರಸ್ತೆಯ ಮಧ್ಯದಲ್ಲಿ ಅವಳು ಬಾಗಿಲು ತೆಗೆದು ಇಳಿದು, ಮನೆಯವರೆಗೂ ನಡೆದುಕೊಂಡೇ ಬಂದಿದ್ದಳು. ಅವಳಿಗೆ ಡ್ರೈವಿಂಗಿನಲ್ಲಿ ಆಸಕ್ತಿಯಿಲ್ಲವೆಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

"ಈ ದನಿ ಇಷ್ಟು ವರ್ಷ ಎಲ್ಲಿತ್ತು ರೀ?" ಎಂದಳು.

ಇದ್ದದ್ದನ್ನು ಇದ್ದ ಹಾಗೆ ಹೇಳುವ ನಾನು ಚೀಲದ ಬದನೆಕಾಯಿಗಳನ್ನು ಎಣಿಸತೊಡಗಿದೆ. ಮರುದಿನ ಬೆಳಿಗ್ಗೆ ಕಾರಿನ ಕೀಲಿಯನ್ನು ಅವಳ ಮುಂದಿಟ್ಟೆ. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು ಅದನ್ನು ಎತ್ತಿಕೊಂಡಳು.

ಲೇಔಟಿನಲ್ಲಿ ಅವಳು ಸ್ಟೀರಿಂಗ್ ಹಿಡಿದು ಕುಳಿತಳು. ನನ್ನಲ್ಲಿರುವುದರಲ್ಲೇ ಅತಿ ಮೃದುವಾದ ದನಿಯನ್ನು ತೆಗೆದು, "ಹೆದರ್ಕೋಬೇಡ... ಏನೂ ಆಗಲ್ಲ... ಜಾಣೆ..." ಎಂದು ಶುರುಮಾಡಿದೆ.

"ಅದನ್ನ ನಾಯಿಗೆ ಇಟ್ಕೊಳ್ಳಿ. ನಂಗೆ ಕ್ಲಚ್ಚು ಯಾವುದು ಅಂತ ಹೇಳಿ, ಸಾಕು" ಎಂದಳು.

ಮೂರನೆಯ ದನಿಯೊಂದು ಬೇಕಿತ್ತು, ಅದು ನನ್ನ ಬಳಿ ಇರಲಿಲ್ಲ. ಸ್ವಲ್ಪ ಹುಡುಕಿ, ಕೂಗದೆ, ರಮಿಸದೆ, "ಎಡಗಾಲಿನ ಹತ್ತಿರ ಇರೋದು" ಎಂದೆ. ಅವಳು "ಹೂಂ" ಎಂದು ಒತ್ತಿದಳು.